ದ್ಯಾಮಮ್ಮನ ಪಾಲಿನ ಜಾಗ

ಉಡುತಡಿಯಲ್ಲಿ ಹೊಸ ಮನೆಗೆ ಪಾಯ ತೆಗೆದಾಗ ಒಳಗೆ ಗೋಡೆಗಳೇ ಬೇಡವೆಂದು ಹಟ ಹಿಡಿದವಳು ದ್ಯಾಮಮ್ಮ. ಹದಿನಾಲ್ಕು ವರ್ಷ ಗಂಡ ಪರಶುರಾಮನ ಜೊತೆ ಕುರಿಹಿಂಡಿನ ಹಿಂದೆ ಬಯಲಲ್ಲಿ ಬದುಕಿದವಳಿಗೆ ಕೋಣೆಯೊಳಗೆ ಉಸಿರು ಕಟ್ಟುತ್ತಿತ್ತು. ಒಲೆಯ ಮುಂದೆ ನಿಂತರೂ ಬಾಗಿಲಿಗೆ ಬಂದವರ ಮುಖ ಕಾಣಬೇಕು ಎಂದಳು. ಮಕ್ಕಳಿಲ್ಲದ ಮನೆಗೆ ಮರೆ ಯಾಕೆ ಎಂದು ಪರಶುರಾಮನೂ ಒಪ್ಪಿದ. ಅಡಿಗೆ, ಊಟ, ನಿದ್ದೆ ಎಲ್ಲಕ್ಕೂ ಒಂದೇ ಉದ್ದನೆಯ ಹಾಲ್ ಎದ್ದು ನಿಂತಿತು.

ಅದರಲ್ಲಿ ಅವಳು ಕಾಲು ಚಾಚಿ ಮಲಗಿದ್ದು ಎಂಟೇ ತಿಂಗಳು. ಯುಗಾದಿ ಕಳೆದದ್ದೇ ಪರಶುರಾಮ ಕುಬಟೂರಿನ ಮಮತಾಳನ್ನು ಕಟ್ಟಿಕೊಂಡು ಬಂದ. ಹಿರಿಯರು ಮೊದಲೇ ದ್ಯಾಮಮ್ಮನನ್ನು ಕೂರಿಸಿಕೊಂಡು ಕೇಳಿದ್ದರು. ಅವಳು ಬಾಯಿ ಬಿಡಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡು ಎದ್ದು ಹೋದರು.

ಮೂರನೇ ದಿನ ಬಡಗಿ ಕೆಂಪಪ್ಪ ಬಂದ. ಪರಶುರಾಮ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಬಾಗಿಲ ಕಡೆ ಸೋಫಾ, ಟಿ.ವಿ. ನಡುವೆ ಪ್ಲೈವುಡ್ ಮರೆ, ಅದರ ಹಿಂದೆ ಹೊಸ ಮಂಚ. ಕೊನೆಯಲ್ಲಿ ಆಳೆತ್ತರದ ಕಪಾಟು, ಅದರಾಚೆ ಒಲೆ. ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿಯಲು ದ್ಯಾಮಮ್ಮನನ್ನೇ ಕರೆದರು. ಹಿಡಿದಳು.

"ನಾ ಎಲ್ಲಿ ಮಲಗ್ಲಿ?" ಎಂದಳು.

"ಕಪಾಟಿನ ಆಚೆ. ಸಿಲಿಂಡರ್ ಪಕ್ಕ ಒಂದ್ ಚಾಪೆ ಹಿಡಿತತಿ."

ಕಪಾಟಿನ ಮೇಲೆ ಗಾಳಿಗೊಂದು ಕಿಂಡಿ ಬಿಡಲೇ ಎಂದು ಕೆಂಪಪ್ಪ ಕೇಳಿದ.

"ಬ್ಯಾಡ್ರಿ, ಒಗ್ಗರಣೆ ಹೊಗೆ ಈಚೆ ಬರ್ತತಿ," ಎಂದ ಪರಶುರಾಮ.

ಕಪಾಟಿನ ಪಕ್ಕ ಒಬ್ಬರು ನುಸುಳುವಷ್ಟು ದಾರಿ ಮಾತ್ರ ಉಳಿಯಿತು. ಅನ್ನ, ಸಾರು ಆ ದಾರಿಯಲ್ಲಿ ಈಚೆ ಬರುತ್ತಿದ್ದವು. ದ್ಯಾಮಮ್ಮ ಹಿತ್ತಲ ಬಾಗಿಲಲ್ಲಿ ಓಡಾಡುತ್ತಿದ್ದಳು.

ಮರುವರ್ಷ ಮಮತಾ ಹೆಣ್ಣು ಹೆತ್ತಳು. ಅಂಬೆಗಾಲಿಡುವ ಹೊತ್ತಿಗೆ ಕೂಸು ಆ ಸಂದಿಯಲ್ಲೇ ತೂರಿ ಬಂದು ದ್ಯಾಮಮ್ಮನ ಸೀರೆ ಹಿಡಿದು ನಿಂತಿತು. ಅವಳು ರೊಟ್ಟಿ ಹಿಟ್ಟಿನ ಉಂಡೆ ಕೈಗೆ ಕೊಟ್ಟಳು. ದಿನವೂ ಬರತೊಡಗಿತು. ನಾಲ್ಕನೇ ದಿನ ಮಮತಾ ನೋಡಿದಳು. ಬೈಯಲಿಲ್ಲ. ಒಲೆ ಇದೆಯಲ್ಲ, ಮಗು ಸುಟ್ಟುಕೊಂಡೀತು ಎಂದಷ್ಟೇ ಗಂಡನಿಗೆ ಹೇಳಿದಳು. ಪರಶುರಾಮ ಸಂದಿಗೆ ಮೊಣಕಾಲೆತ್ತರದ ಹಲಗೆ ಬಡಿದ.

ಕೂಸು ಹಲಗೆ ಹಿಡಿದು ನಿಂತು, ಕೈ ಚಾಚಿ ಅತ್ತಿತು. ದ್ಯಾಮಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿದಳು.

"ಎತ್ತಿದ್ರೆ ನಾಳೆನೇ ತವರಿಗೆ ಹೋಗಿಬಿಡು," ಎಂದ ಮಂಚದ ಮೇಲಿಂದ ಪರಶುರಾಮ.

ತವರಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ದ್ಯಾಮಮ್ಮ ಸೌಟು ತೆಗೆದುಕೊಂಡು ಆ ಪುಟ್ಟ ಬೆರಳುಗಳ ಮೇಲೆ ಬಾರಿಸಿದಳು. ಕೂಸು ಕಿರುಚಿತು. ಮತ್ತೆ ಕೈ ಚಾಚಿತು. ಮತ್ತೆ ಬಾರಿಸಿದಳು.

ಆಮೇಲೆ ಅದು ಆ ಕಡೆ ಬರಲಿಲ್ಲ. ಆ ದಿನ ಮಧ್ಯಾಹ್ನ ಮಮತಾ ಮೊದಲ ಸಲ ತಾನೇ ತಟ್ಟೆಗೆ ಹಾಕಿ ದ್ಯಾಮಮ್ಮನಿಗೆ ಊಟ ಕೊಟ್ಟಳು. ಅವಳು ಉಂಡಳು.