ಅಳಿಯ ತಂದ ಜೋಡಿ ಸೀರೆ

ದೀಪಾವಳಿಗೆ ಮುಂಚೆ ಹುಣಸೂರಿನ ಸೀರೆ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಒಂದೊಂದೇ ಸೀರೆ ಬಿಚ್ಚಿ ಹರಡುತ್ತಿದ್ದರೆ ಹೊಳೆ ದಡದಲ್ಲಿ ಕೂತಂಗಾಗಿ ತೂಕಡಿಕೆ ಬರುತ್ತಿತ್ತು. ಅಷ್ಟರಲ್ಲಿ ನಮ್ಮ ಹನಗೋಡಿನ ಪಕ್ಕದ ಮನೆಯ ಹೊಸ ಅಳಿಯ ಬಂದ. ಮಾವನಿಗೊಂದು ಪಂಚೆ ತಗೊಂಡ. ಅತ್ತೆಗೆ ಗಿಳಿಹಸಿರು ಸೀರೆ ಆರಿಸಿ, "ಇದೇ ಥರದ್ದು ಇನ್ನೊಂದು ಕೊಡಿ" ಅಂದ.

ನನ್ನ ಮಂಪರು ಹಾರಿಹೋಯ್ತು. ಅವನ ಮಾವ ಸರಗೂರಲ್ಲಿ ಇನ್ನೊಂದು ಸಂಸಾರ ಇಟ್ಟಿರೋದನ್ನು ಊರಿಗೆಲ್ಲ ಹೇಳಿದವಳೇ ನಾನು. ಆ ಸರಗೂರಿನ ಆಯಮ್ಮನನ್ನು ಈ ಮನೆಯ ಹಬ್ಬಕ್ಕೆ ಯಾರೂ ಕರೆದವರಲ್ಲ.

"ನಿಂಗೆ ಎಷ್ಟು ಜನ ಅತ್ತೇರಪ್ಪಾ?" ಅಂತ ಕೆಣಕಿದೆ.

"ಇಬ್ರು ಕಣಜ್ಜಿ. ಇಬ್ರೂ ಒಂದೇ ಮನೇಲಿ ಹಬ್ಬ ಮಾಡ್ಲಿ ಅಂತ ಕರ್ದಿವ್ನಿ. ಸೀರೇಲಿ ಒಂದೆಳೆ ಎಚ್ಚುಕಮ್ಮಿ ಆದ್ರೂ ನಿಮ್ಮಂತೋರು ಬುಡ್ತೀರಾ?"

"ನಿಮ್ಮತ್ತೆ ಪೊರಕೆ ಇಡಿದ್ರೆ?"

"ಮೊದಲ್ನೇ ದೀಪಾವಳಿ ಅಳಿಯನ ಮಾತ ಯಾರೂ ತಳ್ಳಂಗಿಲ್ವಲ್ಲ. ಅದ್ಕೇ ಈ ವರ್ಸನೇ ಕೇಳ್ದೆ."

ಹಬ್ಬದ ಬೆಳಗ್ಗೆ, ಜಗಳ ನೋಡೋ ಆಸೆಗೆ ಬೇಗನೆ ಎದ್ದು ಹೊರಗೆ ಬಂದೆ. ಲಕ್ಷ್ಮಣತೀರ್ಥ ಹೊಳೆ ಕಡೆಯಿಂದ ಬಂದ ಮಂಜು ಬೀದಿ ತುಂಬ ಹಾಲು ಚೆಲ್ಲಿದಂಗಿತ್ತು. ಅದರೊಳಗೆ ಪಕ್ಕದ ಮನೆ ಮುಂದೆ ಎರಡು ಹಸಿರು ಸೆರಗು ಬಗ್ಗಿ ರಂಗೋಲಿ ಇಕ್ಕುತ್ತಿದ್ದವು. ಒಬ್ಬಳು ಪುಡಿಯ ಬಟ್ಟಲು ಹಿಡಿದಿದ್ದಳು, ಇನ್ನೊಬ್ಬಳು ಗೆರೆ ಎಳೆಯುತ್ತಿದ್ದಳು. ಜಗಳದ ಸುಳಿವೇ ಇರಲಿಲ್ಲ.

ಕಣ್ಣು ಕಿರಿದು ಮಾಡಿಕೊಂಡು ಎಷ್ಟು ನೋಡಿದರೂ ಯಾರು ಈ ಮನೆಯವಳು, ಯಾರು ಸರಗೂರಿನವಳು, ಯಾರನ್ನು ಆಡಿಕೊಳ್ಳಬೇಕು ಅಂತಲೇ ಗೊತ್ತಾಗಲಿಲ್ಲ. ನನ್ನ ಹಬ್ಬ ಕೆಡಿಸಿದ ಅಳಿಯ ಮಾತ್ರ ಜಗಲಿ ಮೇಲೆ ಕೂತು ನಿಧಾನಕ್ಕೆ ಕಾಫಿ ಕುಡಿಯುತ್ತಿದ್ದ.