ಕರಡಿಮರಿಯ ನಗು

ಯಲ್ಲಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ನಿನ್ನೆ ದಿಂಬಿನ ಹೊಲಿಗೆ ಬಿಚ್ಚಿಕೊಂಡಿತು. ಒಂದು ಹಿಡಿ ಹತ್ತಿ ಹೊರಬಂದು, ಫ್ಯಾನಿನ ಗಾಳಿಗೆ ಎದ್ದು, ಕಿಟಕಿಯ ಬಿಸಿಲಿನಲ್ಲಿ ತೇಲತೊಡಗಿತು. ಹತ್ತಿಗೆ ವಾಸನೆಯಿಲ್ಲ ಎಂದು ಯಾರಾದರೂ ನಿಮ್ಮ ಹತ್ತಿರ ವಾದಿಸಿದರೆ ಅವರನ್ನು ನನ್ನ ಬಳಿ ಕಳಿಸಿ. ಕಾದ ಬಟ್ಟೆ, ಚೂರು ಧೂಳು, ಒಣಗಿದ ಬೀಜದ ಎಣ್ಣೆ ಎಲ್ಲ ಕೂಡಿದ ಆ ವಾಸನೆಗೆ ನನ್ನ ಮಟ್ಟಿಗೆ ಒಂದು ದನಿಯೂ ಇದೆ. ಅದು ಕರಡಿಮರಿಯ ದನಿ.

ನಗಬೇಡಿ, ವಿವರಿಸುತ್ತೇನೆ.

ಶಿರಸಿಯಲ್ಲಿ ಕಾಲೇಜು ಓದುವಾಗ ನಾನು ಹತ್ತಿಯ ಗಾದಿ ಹೊಲಿಯುವ ಅಂಗಡಿಯೊಂದರ ಮಹಡಿಯಲ್ಲಿದ್ದೆ. ಕೋಲಸಿರ್ಸಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿದರೆ ಚರ್ಚಾಸ್ಪರ್ಧೆಗೆ ತಯಾರಾಗಲು ಹೊತ್ತೇ ಸಿಗುವುದಿಲ್ಲ ಎಂದು ಮನೆಯಲ್ಲಿ ವಾದಿಸಿ ಗೆದ್ದಿದ್ದೆ. ಆಗ ನಾನು ಎಲ್ಲರ ಹತ್ತಿರವೂ ವಾದಿಸುತ್ತಿದ್ದೆ. ಕಂಡಕ್ಟರನ ಹತ್ತಿರ, ಜ್ಯೋತಿಷಿಯ ಹತ್ತಿರ, ಯಾರೂ ಸಿಗದಿದ್ದರೆ ಗೋಡೆಯ ಹತ್ತಿರ. ಒಂದು ಮಧ್ಯಾಹ್ನ ಗೋಡೆ ಇನ್ನೇನು ಒಪ್ಪಿಕೊಳ್ಳಬೇಕು, ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ನಲವತ್ತು ದಾಟಿದಂತಿದ್ದ ಹೆಂಗಸು, ದುಪಟ್ಟಾದ ತುಂಬ ಹತ್ತಿಯ ಎಳೆ.

“ತಂಗೀ, ನಿನ್ನ ಮಾನ್ಯ ಅಧ್ಯಕ್ಷರು ಯಾರವ್ವ?”

“ಯಾಕೆ?”

“ನಮ್ಮ ಕರಡಿಮರಿ ಜೇನು ಕದಿಯಾಕ ಹೊಂಟೈತಿ. ಮ್ಯಾಲಿಂದ ನೀ ‘ಮಾನ್ಯ ಅಧ್ಯಕ್ಷರೇ’ ಅಂತ ಒದರ್ತಿ. ಕಾಡಿನ್ಯಾಗ ಅಧ್ಯಕ್ಷರು ಎಲ್ಲಿಂದ ಬರಬೇಕು?”

ಅವರು ರೆಹಾನಕ್ಕ, ಅಂಗಡಿಯ ಮಕ್ಬೂಲಣ್ಣನ ಅಕ್ಕ. ಟೀವಿಯ ಕಾರ್ಟೂನುಗಳಿಗೆ ಕನ್ನಡದ ದನಿ ಕೊಡುವುದು ಅವರ ಕೆಲಸ. ಬಹಳ ವರ್ಷ ಬೆಂಗಳೂರಿನಲ್ಲಿದ್ದು, ಮನೆಯಲ್ಲೇ ಕೂತು ದನಿ ಕಳಿಸಬಹುದು ಎಂದಾದ ಮೇಲೆ ಊರಿಗೆ ಮರಳಿದ್ದರು. ಅಂಗಡಿಯ ಹಿಂಭಾಗದಲ್ಲಿ ಸುತ್ತಲೂ ಗಾದಿ ಒಟ್ಟಿ, ನಡುವೆ ಮೈಕು ಇಟ್ಟುಕೊಂಡಿದ್ದರು. ರಸ್ತೆಯ ಲಾರಿ, ಸ್ಕೂಟರು, ಮಕ್ಬೂಲಣ್ಣನ ಚೌಕಾಸಿ, ಯಾವುದೂ ಆ ಹತ್ತಿಯನ್ನು ದಾಟುತ್ತಿರಲಿಲ್ಲ. ನನ್ನ ಭಾಷಣವೊಂದು ದಾಟಿತ್ತು. ಅದನ್ನು ನಾನು ಬಹುಕಾಲ ಪ್ರಶಸ್ತಿಯೆಂದೇ ತಿಳಿದಿದ್ದೆ.

ಈ ಕೆಲಸ ಹೇಗೆ ಸಿಕ್ಕಿತು ಎಂಬ ಕಥೆಯನ್ನು ಅವರು ಸಲಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದರು. ಯಾವುದೋ ಸ್ಟುಡಿಯೋದ ಬಾಗಿಲಿಗೆ ಮೆತ್ತೆ ಹೊಲಿಯಲು ಹೋದ ಅಪ್ಪನ ಜೊತೆ ತಾನೂ ಹೋಗಿದ್ದೆ, ಅವತ್ತು ಮೇಕೆಯ ದನಿಯವನು ಬಂದಿರಲಿಲ್ಲ ಎನ್ನುವಷ್ಟು ಮಾತ್ರ ಎಲ್ಲದರಲ್ಲೂ ಇರುತ್ತಿತ್ತು. ನಾನು ನಂಬಲಿಲ್ಲ. ಆದರೆ ಮೇಕೆಯ ಹಿಂದೆ ಮುದಿ ಆಮೆ, ಕಪಟಿ ಮಂತ್ರಿ, ಸೀನುವ ರೈಲು, ಎಲ್ಲ ಸಾಲಾಗಿ ಬಂದದ್ದಂತೂ ನಿಜ. ತರಕಾರಿಯವನು ತೂಕದಲ್ಲಿ ಮೋಸ ಮಾಡಿದರೆ ಅವರು ಮಂತ್ರಿಯ ದನಿಯಲ್ಲೇ ಬೈಯುತ್ತಿದ್ದರು.

ಆಮೆಗೂ ಮಂತ್ರಿಗೂ ಜಗಳವಾದರೆ ಮೊದಲು ಆಮೆಯ ಮಾತುಗಳನ್ನೆಲ್ಲ ಮುಗಿಸಿ, ಚಹಾ ಕುಡಿದು, ಆಮೇಲೆ ಮಂತ್ರಿಯಾಗುತ್ತಿದ್ದರು. ಒಂದೇ ವಿಷಯದ ಮೇಲೆ ಪರ, ವಿರೋಧ ಎರಡನ್ನೂ ಮಾತಾಡಿ ಪಳಗಿದವಳು ನಾನು. ಕೇಳದೆ ಇರಲಾಗಲಿಲ್ಲ.

“ಹಾಗಾದ್ರೆ ಗೆಲ್ಲೋದು ಯಾರು ರೆಹಾನಕ್ಕಾ?”

“ಕಥಿ ಬರದಾಂವ. ನನಗ ಗಂಟಲಷ್ಟ ನೋವು.”

ಉಳಿದ ಪಾತ್ರಗಳು ಬಂದು ಹೋಗುವಂಥವು. ಕರಡಿಮರಿ ಮಾತ್ರ ವರ್ಷಗಟ್ಟಲೆ ಅವರದೇ. ಹಾಗಿರುವಾಗ ಬೆಂಗಳೂರಿನಿಂದ ಫೋನು ಬಂತು. ಮರಿಗೆ ವಯಸ್ಸಾದ ಹಾಗೆ ಕೇಳಿಸುತ್ತಿದೆ, ಇನ್ನೊಮ್ಮೆ ಮಾಡಿ ಕಳಿಸಿ, ಸರಿಹೋಗದಿದ್ದರೆ ಬೇರೆ ದನಿ ನೋಡುತ್ತೇವೆ ಎಂದರಂತೆ.

“ಮರಿ ಹೋದ್ರ ನಾ ಬರೇ ಮಕ್ಬೂಲನ ಅಕ್ಕ,” ಎಂದರು ರೆಹಾನಕ್ಕ. ಯಾವ ಪಾತ್ರದ್ದೂ ಅಲ್ಲದ ಆ ದನಿಯನ್ನು ಕೇಳಿದ್ದು ನಾನು ಅದೇ ಮೊದಲು.

ದನಿಗೆ ವಯಸ್ಸಾಯಿತು ಎನ್ನುವುದಕ್ಕೆ ಆಧಾರವೇನು? ನಾನು ಹಳೆಯದನ್ನೂ ಹೊಸದನ್ನೂ ಹಾಕಿಸಿ ಕೇಳಿದೆ. ಹೊಸ ದನಿ ಕಂಬಳಿ ಹೊದ್ದಂತಿತ್ತು. ಸುತ್ತ ನೋಡಿದೆ. ಮದುವೆಯ ಕಾಲ, ಗಾದಿಗಳು ಚಾವಣಿಯವರೆಗೆ ಏರಿದ್ದವು. ಸಿಕ್ಕಿತಲ್ಲ!

“ದನಿ ದಪ್ಪ ಆಗಿದ್ದಲ್ಲ, ಹತ್ತಿ ಹೆಚ್ಚಾಗಿದ್ದು. ನಿಮ್ಮ ದನಿಯ ಚೂಪನ್ನೆಲ್ಲ ಗಾದಿ ಕುಡೀತಾ ಇದೆ.”

ಮಕ್ಬೂಲಣ್ಣ ತಲೆ ಚಚ್ಚಿಕೊಂಡರು. “ಲಗ್ನದ ಸೀಸನ್ನಿನ್ಯಾಗ ಒಂದು ಕರಡಿ ಸಲುವಾಗಿ ಅಂಗಡಿ ಖಾಲಿ ಮಾಡಬೇಕೇನು?”

“ಕರಡಿ ಅನಬ್ಯಾಡ. ಮರಿ ಅದು.”

ಮೂವರೂ ಸೇರಿ ಗಾದಿಗಳನ್ನು ರಸ್ತೆಗೆ ಹೊತ್ತು ಹಾಕಿದೆವು. ರಿಯಾಯಿತಿ ಮಾರಾಟವೆಂದು ಜನ ಸೇರಿದರು. ಮಕ್ಬೂಲಣ್ಣ ಬೈಯುತ್ತಲೇ ವ್ಯಾಪಾರಕ್ಕೆ ನಿಂತರು.

ಒಳಗೆ ಅರ್ಧ ಖಾಲಿಯಾದ ಕೋಣೆ. ಎತ್ತರದ ಕಿಟಕಿಯಿಂದ ಇಳಿದ ಬೆಳಕಿನ ಕೋಲು, ಅದರಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ನಿಂತ ಹತ್ತಿಯ ಎಳೆಗಳು. ರೆಹಾನಕ್ಕ ಕಣ್ಣು ಮುಚ್ಚಿದರು. ಭುಜಗಳು ಕುಗ್ಗಿದವು, ಗಲ್ಲ ಉಬ್ಬಿತು. ಆಮೇಲೆ ಅಲ್ಲಿ ರೆಹಾನಕ್ಕ ಇರಲಿಲ್ಲ. ಜೇನಿನ ರುಚಿ ಹತ್ತಿದ ಯಾವುದೋ ಪುಟ್ಟ ಪ್ರಾಣಿ ನನ್ನ ಎದುರಿಗೆ ಮಾತಾಡುತ್ತಿತ್ತು, ದನಿ ಬೆಳಗಿನಷ್ಟು ಹೊಸದು. ನಾನು ಗೆದ್ದಿದ್ದೆ.

ಆಮೇಲೆ ಮರಿ ನಕ್ಕಿತು. ನಗು ಮೇಲೇರುತ್ತ ಏರುತ್ತ, ತುದಿಯಲ್ಲಿ ಬಿರಿಯಿತು. ಮತ್ತೆ ನಕ್ಕರು. ಮತ್ತೆ ಅಲ್ಲೇ ಬಿರಿಯಿತು.

“ಕೇಳಿಸ್ತೇನು?”

“ಕೇಳಿಸ್ತು. ನಗು ಬಿಟ್ಟು ಉಳಿದದ್ದು ಕಳಿಸಿ ಅಕ್ಕಾ. ಸೋಲೋ ವಿಷಯವನ್ನ ನಾವು ಚರ್ಚೆಯಲ್ಲಿ ಎತ್ತೋದೇ ಇಲ್ಲ.”

“ನಗಲಾರದ್ದು ಎಂಥಾ ಮರಿ ತಂಗೀ?” ಎಂದು ಎಲ್ಲವನ್ನೂ ಹಾಗೇ ಕಳಿಸಿದರು.

ಉತ್ತರ ಬಂತು. ಮಾತು ರೆಹಾನಕ್ಕನದೇ ಇರಲಿ, ನಗುವನ್ನು ಮಾತ್ರ ಹೊಸ ಹುಡುಗಿಯೊಬ್ಬಳಿಂದ ಮಾಡಿಸುತ್ತೇವೆ. ಎರಡು ದಿನ ರೆಹಾನಕ್ಕ ಮೈಕಿಗೆ ಬಟ್ಟೆ ಹೊದಿಸಿ, ಮಕ್ಬೂಲಣ್ಣನ ಜೊತೆ ಕೂತು ಗಾದಿ ಹೊಲಿದರು. ಮೂರನೆಯ ದಿನ ನನ್ನ ಕೋಣೆಯ ನೆಲದಡಿಯಿಂದ ನಗು ಕೇಳತೊಡಗಿತು. ಬಿರಿದ ನಗು ಒಂದು, ಹಿಂದೆಯೇ ಫೋನಿನೊಳಗಿನ ಸಪೂರ ನಗು. ಆ ಹುಡುಗಿಗೆ ಪಾಠ ನಡೆದಿತ್ತು.

“ಬಾಯಿಲೆ ನಗಬ್ಯಾಡವ್ವ, ಹೊಟ್ಟಿಲೆ ನಗು. ಮರಿಗೆ ಮೊದ್ಲು ಬಿಕ್ಕಳಿಕಿ ಬರ್ತೈತಿ, ಆಮ್ಯಾಲೆ ನಗು.”

ನಾನು ಕೆಳಗಿಳಿದು ಆಕ್ಷೇಪಿಸಿದೆ. “ಅವಳಿಗೆ ಯಾಕೆ ಕಲಿಸ್ತೀರಿ? ನಾಳೆ ಮಾತನ್ನೂ ಅವಳೇ ತಗೊಳ್ತಾಳೆ.”

“ತಗೊಳ್ಳಲಿ. ಅಲ್ಲೀತನಕ ಮರಿ ಎರಡು ಆಗಬಾರ್ದು.”

ಇದಕ್ಕೆ ಪ್ರತಿವಾದ ಏನೆಂದು ನಾನು ಎಷ್ಟೋ ದಿನ ಹುಡುಕಿದ್ದೇನೆ.

ಇವತ್ತು ಭಾನುವಾರ. ನಂದೊಳ್ಳಿಯ ಅಕ್ಕನ ಮನೆಯಲ್ಲಿದ್ದೇನೆ. ಅಕ್ಕನ ಪುಟ್ಟ ಮಗಳು ಟೀವಿಯೆದುರು ಬೋರಲಾಗಿ ಮಲಗಿ ಕರಡಿಮರಿಯನ್ನು ನೋಡುತ್ತಿದ್ದಾಳೆ. ಮಾತಿಗೂ ನಗುವಿಗೂ ನಡುವಿನ ಬೆಸುಗೆಯನ್ನು ಹಿಡಿಯುವುದು ನನ್ನ ಹಳೆಯ ಚಾಳಿ. ಇವತ್ತು ಎಷ್ಟು ಕಿವಿಗೊಟ್ಟರೂ ಸಿಗಲಿಲ್ಲ. ತಡೆಯದೆ ಅಲ್ಲೇ ಕೂತು ಫೋನು ಹಚ್ಚಿದೆ.

“ರೆಹಾನಕ್ಕಾ, ಇವತ್ತಿನ ನಗು ಯಾರದ್ದು? ನಿಮ್ದಾ, ಆ ಹುಡುಗಿದಾ?”



“ನಗೂ ಆಕಿದ, ಮಾತೂ ಆಕಿದ. ನಾ ಬಿಟ್ಟು ತಿಂಗಳಾತು. ಗೊತ್ತಾಗ್ಲಿಲ್ಲೇನು ನಿನಗ?”

“ಇಲ್ಲ.”

“ಖರೇನ? ಆಣಿ ಮಾಡಿ ಹೇಳು.”

ಆಣೆ ಎನ್ನುವುದು ಆಧಾರವಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ಗುಡುಗಿದವಳು ನಾನು. “ದೇವರಾಣೆ ಅಕ್ಕಾ,” ಎಂದೆ.

ಅತ್ತ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಇತ್ತ ಅಕ್ಕನ ಮಗಳು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

“ಚಿಕ್ಕೀ, ಸುಮ್ಮಂಗಿರೆ! ಮರಿ ಮಾತಾಡ್ತಾ ಇದ್ದು.”

ಸುಮ್ಮನಾದೆ. ಫೋನಿನ ಆ ತುದಿಯಲ್ಲಿ ಅವರೂ ಸುಮ್ಮನಾಗಿ ಕೇಳುತ್ತಿದ್ದರು.