ದಾಕ್ಷಾಯಣಮ್ಮನ ಜ್ಯೂಸಿಗೆ ಏನೇನು ಬೀಳುತ್ತದೆ?

ಬೆಳಗಿನ ಐದೂವರೆ. ಭದ್ರಾವತಿಯ ಓಲ್ಡ್ ಟೌನಿನ ತಿರುವಿನಲ್ಲಿ ದಾಕ್ಷಾಯಣಮ್ಮ ತಳ್ಳುಗಾಡಿಯ ಮೇಲೆ ಮೋಸಂಬಿ ಹಿಂಡುತ್ತಿದ್ದಾರೆ. ಶಿವಮೊಗ್ಗದಿಂದ ಮೊದಲ ಬಸ್ಸಿನಲ್ಲಿ ಬಂದ ಹಣ್ಣಿನ ಮೂಟೆ ಕಾಲ ಬಳಿಯೇ ಇದೆ. ಐವತ್ತೆಂಟರ ಈ ಹೆಂಗಸಿಗೆ ಇದು ಹದಿನಾರನೇ ವರ್ಷ. ಗಂಡ ತೀರಿಕೊಂಡ ಮೇಲೆ ಮಗಳು ತನುಜಾಳನ್ನು ಓದಿಸಿ ದಡ ಸೇರಿಸಿದ್ದು ಇದೇ ಗಾಡಿ. ಬಲಗೈ ಮಣಿಕಟ್ಟು ಊದಿಕೊಂಡಿದೆಯಲ್ಲ ಎಂದರೆ, ದಿನಕ್ಕೆ ನಲವತ್ತು ಲೋಟ ಹಿಂಡಿದರೆ ಇನ್ನೇನಾಗಬೇಕು ಎಂದು ನಗುತ್ತಾರೆ.

ಕಳೆದ ಬೇಸಿಗೆಯವರೆಗೆ ಇವರದೊಂದು ರೂಢಿಯಿತ್ತು. ಹಣ್ಣು ಹೆಚ್ಚುವ ಮೊದಲೇ ಸಾಲಾಗಿಟ್ಟ ಲೋಟಗಳಿಗೆಲ್ಲ ಎರಡೆರಡು ಚಮಚ ಸಕ್ಕರೆ ಹಾಕಿಡುವುದು. ಗಿರಾಕಿಗಳು ಮುಗಿಬಿದ್ದಾಗ ಅಷ್ಟು ಕೆಲಸ ಹಗುರ! ಅವರ ಪಾಲಿಗೆ ಜ್ಯೂಸ್ ಎಂದರೆ ಹಣ್ಣು, ಸಕ್ಕರೆ, ಚೂರು ಐಸು. ಬೇಡವೆನ್ನುವವರು ಬಾಯಿಬಿಟ್ಟು ಹೇಳಬೇಕು.

ಶೇಷಪ್ಪ ಮೇಷ್ಟರು ಹೇಳಲಿಲ್ಲ. ಸಕ್ಕರೆ ಕಾಯಿಲೆಯ ಈ ನಿವೃತ್ತರ ಪಾಲಿಗೆ ಜ್ಯೂಸ್ ಎಂದರೆ ಹಿಂಡಿದ ಹಣ್ಣು, ಬೇರೇನೂ ಇಲ್ಲ. ಕಾಫಿಯನ್ನೂ ಸಪ್ಪೆ ಕುಡಿಯುವ ಮನುಷ್ಯ ಮೂರು ತಿಂಗಳು ವಾಕಿಂಗ್ ಮುಗಿಸಿ, ಸಿಹಿಯೆಲ್ಲ ಹಣ್ಣಿನದೇ ಎಂದುಕೊಂಡು, ಇಲ್ಲಿ ದಿನಾ ದೊಡ್ಡ ಲೋಟ ಖಾಲಿ ಮಾಡಿದರು. ಒಂದು ಬೆಳಿಗ್ಗೆ ಗಾಡಿಯ ಎದುರೇ ಕುಸಿದು ಬಿದ್ದರು.

ದಾಕ್ಷಾಯಣಮ್ಮ ಆಟೋದಲ್ಲಿ ಜೊತೆಗೇ ಆಸ್ಪತ್ರೆಗೆ ಹೋದರು. ಶುಗರ್ ಐನೂರು ದಾಟಿದೆ ಎಂದರು ಡಾಕ್ಟರು. ಮನೆಯಲ್ಲಿ ಇವರು ಸಕ್ಕರೆ ಮುಟ್ಟುವುದೇ ಇಲ್ಲ, ಎಲ್ಲಿಂದ ಬಂತು ಎಂದು ಮೇಷ್ಟರ ಹೆಂಡತಿ ಕಂಗಾಲಾಗಿ ದಾಕ್ಷಾಯಣಮ್ಮನನ್ನೇ ಕೇಳಿದರು. ದಾಕ್ಷಾಯಣಮ್ಮನಿಗೆ ಸಕ್ಕರೆ ಹಾಕಿಟ್ಟ ತಮ್ಮ ಲೋಟಗಳು ನೆನಪಾದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನೇ ಹಾಕಿದ್ದು ಅಕ್ಕ. ದಿನಾ ಎರಡು ಚಮಚ."

ಇಲ್ಲಿ ಯಾರೂ ಮೋಸ ಮಾಡಿಲ್ಲ, ಕಲಬೆರಕೆಯೂ ಇಲ್ಲ. ತಮಗೆ ಗೊತ್ತಿರುವುದು ಎದುರಿನವರಿಗೂ ಗೊತ್ತು ಎಂದು ಇಬ್ಬರೂ ತಿಳಿದರು. ಅಷ್ಟಕ್ಕೇ ಒಂದು ಜೀವ ಹೋಗುವುದರಲ್ಲಿತ್ತು.

"ಹನ್ನೊಂದು ದಿನ ಗಾಡಿ ತೆಗೀಲಿಲ್ಲ. ಅವ್ರಿಗೆ ಏನಾದ್ರೂ ಆಗಿದ್ರೆ ಈ ಕೈಲಿ ಹೆಂಗೆ ಅನ್ನ ತಿನ್ಲಿ ಹೇಳಿ?" ಎಂದು ಹೇಳಿ ದಾಕ್ಷಾಯಣಮ್ಮ ಇನ್ನೊಂದು ಮೋಸಂಬಿ ಎತ್ತಿಕೊಳ್ಳುತ್ತಾರೆ.

ಮೇಷ್ಟರು ಉಳಿದರು. ಹನ್ನೆರಡನೇ ದಿನ ಅವರೇ ದಾಕ್ಷಾಯಣಮ್ಮನ ಮನೆ ಬಾಗಿಲಿಗೆ ಬಂದು, ಕೇಳದೆ ಕುಡಿದದ್ದು ನನ್ನ ತಪ್ಪು, ಗಾಡಿ ತೆಗೆಯಿರಿ ಎಂದರು. ಈಗ ಸಕ್ಕರೆ ಡಬ್ಬಿ ಗಾಡಿಯ ಕೆಳಗಿದೆ. ಯಾರೇ ಬರಲಿ, ಬರೀ ಹಣ್ಣೋ, ಸಕ್ಕರೆ ಬೇಕೋ, ಶುಗರ್ ಇದೆಯೋ ಎಂದು ಕೇಳದೆ ಚಾಕು ಎತ್ತುವುದಿಲ್ಲ. ಹೊಳೆಹೊನ್ನೂರಿನಿಂದ ಬೈಕಿನಲ್ಲಿ ಬಂದ ಭೀಮೇಶ್, ಇದೇನು ಜ್ಯೂಸ್ ಗಾಡಿಯೋ ಆಸ್ಪತ್ರೆಯೋ ಎಂದು ರೇಗುತ್ತಾನೆ. ಅವನಿಗೂ ಉತ್ತರ ಹೇಳದೆ ಬಿಡುಗಡೆಯಿಲ್ಲ. ಕಾಯಲಾರದೆ ಪಕ್ಕದ ಗಾಡಿಗೆ ಹೋದವರೂ ಉಂಟು.

ಅದಕ್ಕೆ ಬೇಸರವಿಲ್ಲವೇ ಎಂದರೆ ದಾಕ್ಷಾಯಣಮ್ಮ ತಲೆ ಎತ್ತದೆ ಹೇಳುತ್ತಾರೆ: "ಜಾಸ್ತಿ ಜನ ಬರ್ಲಿ ಅಂತ ಆಸೆ ಇಲ್ಲ. ಇವತ್ತು ಬಂದೋರು ನಾಳೆನೂ ನಡ್ಕೊಂಡು ಬರ್ಲಿ, ಸಾಕು."